ಶ್ರಾವಣದಲ್ಲಿ ಸಪ್ಪಳ ನಿಂತ ಕಾಗದ

೧೯೮೩ನೇ ಇಸವಿ, ನಾಗರ ಅಮಾವಾಸ್ಯೆಯ ದಿನ. ಜೇವರ್ಗಿಯಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ನನ್ನ ಕೈಚೀಲದೊಳಗಿಂದ ಇಂಗಿನ ವಾಸನೆ ಬಂತು. ಇಷ್ಟೇ ನೋಡಿ ನಡೆದದ್ದು. ಬಸ್ಸು ಉರುಳಲಿಲ್ಲ, ಯಾರ ಪ್ರಾಣವೂ ಹೋಗಲಿಲ್ಲ. ಆದರೂ ಆ ವಾಸನೆ ನೆನಪಾದಾಗೊಮ್ಮೆ ಈ ವಯಸ್ಸಿನಲ್ಲೂ ನನ್ನ ಕಿವಿ ಬಿಸಿಯಾಗುತ್ತದೆ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ.

ನಾನು ಅಫಜಲಪುರ ತಾಲೂಕಿನ ಗೊಬ್ಬೂರಿನವನು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಅಜ್ಜಿಯ ಕೈಯಲ್ಲಿ ಬೆಳೆದೆ. ಅಜ್ಜಿ ಮತ್ತು ಅವಳ ವಾರಿಗೆಯ ಮುದುಕಿಯರು ಕಟ್ಟೆಯ ಮೇಲೆ ಕೂತು ಆಡುವ ಮಾತು ಕೇಳಿ ಕೇಳಿ ನನಗೂ ಮಾತು ಬಂತು. ಸಾಲೆಯಲ್ಲಿ ಮಗ್ಗಿ ಬರಲಿಲ್ಲ, ಮಾತು ಮಾತ್ರ ಬಂತು. "ಇಂವ ಸುಡುಗಾಡದಾಗ ನಿಂತು ಬಾಸಿಂಗ ಮಾರತಾನ" ಅಂತ ಅಜ್ಜಿ ನಗುತ್ತಿದ್ದಳು. ಆ ಬಾಯಿಯ ಬಲದ ಮೇಲೆಯೇ ಕಲಬುರಗಿಯ ಒಬ್ಬ ಪ್ಯಾಕಿಂಗ್ ಸಾಮಾನಿನ ಸಾವಕಾರರ ಹತ್ತಿರ ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ನಾಲ್ಕು ವರ್ಷ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕು ನನ್ನವು. ಬಗಲಲ್ಲಿ ಒಂದು ಕೈಚೀಲ ಹಾಕಿಕೊಂಡು ಬಸ್ಸಿಂದ ಬಸ್ಸಿಗೆ ಹತ್ತಿ ಇಳಿದು ಅಂಗಡಿ ಅಂಗಡಿ ತಿರುಗುವುದೇ ಕೆಲಸ.

ನಾನು ಹೆಚ್ಚಾಗಿ ಮಾರುತ್ತಿದ್ದದ್ದು ಜಿಲೇಟಿನ್ ಕಾಗದ. ಹಳಬರಿಗೆ ನೆನಪಿರುತ್ತದೆ. ಗಾಜಿನಂತೆ ಹೊಳೆಯುವುದು, ಮುಟ್ಟಿದರೆ ಚರಚರ ಅನ್ನುವುದು, ಮಿಠಾಯಿಗೆ, ಊದಿನಕಡ್ಡಿ ಪೊಟ್ಟಣಕ್ಕೆ ಸುತ್ತುತ್ತಿದ್ದರಲ್ಲ, ಅದು. ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ ಸಾವಕಾರರು ಎರಡು ಸುರುಳಿ ನನ್ನ ಮುಂದಿಟ್ಟು ಹೇಳಿದ್ದರು: "ನೋಡಲೇ ಚಂದ್ರು, ಇದರಾಗ ಎರಡು ನಮೂನಿ ಅದಾವ. ಇದು ಸಾದಾ. ಇದು ಮ್ಯಾಲ ಲೇಪ ಹಚ್ಚಿದ್ದು. ಸಾದಾ ಕಾಗದ ಬ್ಯಾಸಗಿಗೆ ಭಾಳ ಚಲೋ. ಮಳಿಗಾಲದಾಗ ಅದನ್ನ ನಂಬಬ್ಯಾಡ. ಬಹಳ ದಿನ ಇಡೋ ತಿನ್ನೋ ಸಾಮಾನಿಗೆ ಲೇಪದ್ದು ತರಿಸಿ ಕೊಡು."

ನಾನು ಹೂಂ ಅಂದೆ. ಆದರೆ ಲೇಪದ ಕಾಗದ ನಮ್ಮಲ್ಲಿ ಇರುತ್ತಿದ್ದದ್ದು ಕಡಿಮೆ. ಮುಂಬಯಿಯಿಂದ ತರಿಸಬೇಕು, ಬರುವುದಕ್ಕೆ ವಾರಗಟ್ಟಲೆ ಕಾಯಬೇಕು. ಇದ್ದದ್ದು ಸಾದಾ ಕಾಗದ, ಅದನ್ನೇ ಮಾರುತ್ತಾ ಹೋದೆ. ಮಾರುತ್ತಾ ಮಾರುತ್ತಾ ಸಾವಕಾರರ ಮಾತು ನನ್ನ ಮಾತಿನ ಅಡಿಯಲ್ಲಿ ಎಲ್ಲೋ ಹೂತು ಹೋಯಿತು.

ಮಾರುವುದಕ್ಕೆ ನಾನೇ ಒಂದು ಯುಕ್ತಿ ಕಟ್ಟಿಕೊಂಡಿದ್ದೆ. ಜಿಲೇಟಿನ್ ಕಾಗದದ ಒಂದು ಸಣ್ಣ ಪೊಟ್ಟಣ, ಒಳಗೆ ಗಟ್ಟಿ ಇಂಗಿನ ಒಂದು ಹಳಕು, ಅಂಚಿಗೆ ಗೋಂದು ಹಚ್ಚಿ ಮಡಿಚಿ ಬಂದೋಬಸ್ತು. ಅಂಗಡಿಯವನ ಮೂಗಿಗೆ ಅದನ್ನು ಹಿಡಿದು ಕೇಳುವುದು: "ಒಳಗ ಇಂಗು ಅದ. ವಾಸನಿ ಬರ್ತದೇನ್ರಿ?" ಎಂಥವನೂ ಎರಡು ಸಲ ಮೂಸಿ, ಹಿಂದೆ ಮುಂದೆ ತಿರುಗಿಸಿ, "ಇಲ್ಲ ನೋಡಪ್ಪ" ಅನ್ನುತ್ತಿದ್ದ. ಇಂಗಿನ ವಾಸನೆಯನ್ನೇ ಕಟ್ಟಿ ಹಾಕುವ ಕಾಗದ ಅಂದಮೇಲೆ ಬೇರೆ ಮಾತೇ ಬೇಡ.

ಆ ವರ್ಷದ ಬೇಸಿಗೆಯಲ್ಲಿ ಆಳಂದದ ಬಸಮ್ಮಕ್ಕನ ಮನೆಗೆ ಹೋದೆ. ಐವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ಒಕ್ಕಲುತನ ನೋಡಿಕೊಳ್ಳುತ್ತಿದ್ದ. ಈಕೆ ಶೇಂಗಾದ ಹಿಂಡಿ ಕುಟ್ಟುತ್ತಿದ್ದಳು. ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಒಳಕಲ್ಲಿಗೆ ಹಾಕಿ ಎಣ್ಣೆ ಬಿಡುವ ತನಕ ಕುಟ್ಟುವ ಆ ಹಿಂಡಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ನಮ್ಮ ಕಡೆ ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ತಿರುಗಿ ಕಳಿಸುವಾಗ ಬುತ್ತಿ ಕಟ್ಟಿ ಕಳಿಸುವುದು ಪದ್ಧತಿ. ಉಂಡಿ, ಕಡಕ್ ರೊಟ್ಟಿ, ಹಿಂಡಿ. ಆ ಬುತ್ತಿಯನ್ನು ಅತ್ತೆ ಮನೆಯಲ್ಲಿ ನಾಲ್ಕು ಜನರ ಎದುರು ಬಿಚ್ಚುತ್ತಾರೆ, ಹಂಚುತ್ತಾರೆ, ತವರವರ ಕೈಗುಣವನ್ನು ಅಲ್ಲೇ ತೂಗುತ್ತಾರೆ. ಸ್ವಂತಕ್ಕೆ ಕುಟ್ಟಲು ಆಗದವರು ಬಸಮ್ಮಕ್ಕನ ಕಡೆ ಬರುತ್ತಿದ್ದರು. ಬರುವಾಗ ಅವರವರ ಮನೆಯ ತಗಡಿನ ಡಬ್ಬಿ ತರಬೇಕು. ಈಕೆ ಅದಕ್ಕೆ ಹಿಂಡಿ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಬಡಿದು ಕೊಡುತ್ತಿದ್ದಳು.

ಇನ್ನೊಂದು ಪದ್ಧತಿಯನ್ನೂ ಹೇಳಿಬಿಡಬೇಕು. ಬುತ್ತಿ ಬಂದ ಡಬ್ಬಿಯನ್ನು ಖಾಲಿ ತಿರುಗಿ ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ಗೋದಿಯೋ, ಬೇಳೆಯೋ, ಏನಾದರೂ ಹಾಕಿಯೇ ಕೊಡುತ್ತಾರೆ.

"ಡಬ್ಬಿಗೆ ಏನಾಗ್ಯದ ತಮ್ಮಾ? ಇಪ್ಪತ್ತು ವರ್ಷದಿಂದ ಡಬ್ಬಿನ್ಯಾಗೇ ಹೋಗ್ಯಾವ" ಅಂದಳು ಬಸಮ್ಮಕ್ಕ, ಶೇಂಗಾ ಕೇರುತ್ತಾ.

"ಡಬ್ಬಿ ಅಂದ್ರ ಒಳಗ ಏನದ ಯಾರಿಗೆ ಕಾಣ್ತದ್ರಿ ಅಕ್ಕಾರ? ಬೀಗರ ಮನ್ಯಾಗ ಬುತ್ತಿ ಬಿಚ್ಚಿದಾಗ ಹಿಂಡಿ ಕೆಂಪಗ ಹೊಳಿಬೇಕು."

"ಹಿಂಡಿ ಹೊಳಿಯೂದು ನಾಲಿಗಿ ಮ್ಯಾಲ."

ಒಳಗಿಂದ ಅವಳ ಮಗಳು ಮಹಾನಂದಾ ನಕ್ಕಳು. ಹಿಂದಿನ ವರ್ಷವಷ್ಟೇ ಜೇವರ್ಗಿಗೆ ಮದುವೆ ಮಾಡಿ ಕೊಟ್ಟಿದ್ದರು. ಎಂಟು ದಿನಕ್ಕೆಂದು ತವರಿಗೆ ಬಂದಿದ್ದಳು. ನಾನು ಇಂಗಿನ ಪೊಟ್ಟಣ ತೆಗೆದು ಬಸಮ್ಮಕ್ಕನ ಮೂಗಿಗೆ ಹಿಡಿದೆ. ಮೂಸಿದಳು, ತಿರುಗಿಸಿದಳು, ಮಗಳ ಕೈಗೆ ಕೊಟ್ಟಳು. "ನೀ ನೋಡ ಬೇ, ನನಗ ನೆಗಡಿ ಪಡಿಶ್ಯಾ ಆಗ್ಯದೇನೋ."

"ಇಲ್ಲ ಯವ್ವಾ, ಏನೂ ಬರಲ್ಲ" ಅಂದಳು ಮಹಾನಂದಾ.

"ನೋಡ್ರಿ ಮತ್ತ. ವಾಸನಿ ಹೊರಗ ಬರಂಗಿಲ್ಲ ಅಂದ್ರ ಗಾಳಿ ಒಳಗ ಹೋಗಂಗಿಲ್ಲ. ಗಾಳಿ ಹೋಗಲಿಲ್ಲ ಅಂದ್ರ ಶೇಂಗಾದ ಎಣ್ಣಿ ಕಮಟಾಗಂಗಿಲ್ಲ."

"ಮತ್ತ ನೀರಿಂದು?"

ಆಗ ಸಾವಕಾರರ ಮಾತು ಒಂದು ಕ್ಷಣ ಎದೆಯಲ್ಲಿ ಮಿಸುಕಿದ್ದು ನನಗೆ ನೆನಪಿದೆ. ಆದರೆ ಬಾಯಿ ಮುಂದೆ ಓಡಿತ್ತು. "ನೀರೂ ಹಾಯಂಗಿಲ್ರಿ" ಅಂದೆ.

ಬಸಮ್ಮಕ್ಕ ಅಷ್ಟಕ್ಕೆ ಮರುಳಾಗುವವಳಲ್ಲ. "ಪರೀಕ್ಷಾ ಮಾಡದ ನಾ ಯಾವುದನ್ನೂ ಒಪ್ಪಂಗಿಲ್ಲ" ಅಂದು, ಮೂರು ಪೊಟ್ಟಣ ಹಿಂಡಿ ಕಟ್ಟಿಸಿ ಅಡಿಗೆಮನೆಯ ಗೂಟಕ್ಕೆ ತೂಗು ಹಾಕಿದಳು. ನಾನು ಇಂಗಿನ ಪೊಟ್ಟಣವನ್ನೂ ಅವಳಿಗೇ ಬಿಟ್ಟು ಬಂದೆ. ಅದನ್ನು ಬಚ್ಚಲಮನೆ ಬಾಗಿಲ ಮೊಳೆಗೆ ಸಿಕ್ಕಿಸಿದಳು. ತಿಂಗಳು ಬಿಟ್ಟು ಹೋದರೆ ಹಿಂಡಿ ಈಗಷ್ಟೇ ಕುಟ್ಟಿದಂತೆ ಘಮಘಮ ಅನ್ನುತ್ತಿತ್ತು. "ಡಬ್ಬಿಕಿಂತ ಚಲೋ ಅದ ಬಿಡಪ್ಪ" ಅಂದಳು. ಆಕೆಯೂ ಗೆದ್ದಳು, ನಾನೂ ಗೆದ್ದೆ.

ನಮ್ಮ ತಪ್ಪು ನೋಡಿ. ಆ ಪರೀಕ್ಷೆ ನಡೆದದ್ದು ವೈಶಾಖದಲ್ಲಿ. ನಮ್ಮ ಕಡೆಯ ವೈಶಾಖ ಅಂದರೆ ಹಪ್ಪಳ ಹಾಕಿದ ಒಂದು ತಾಸಿಗೆ ಒಣಗಿ ಮುರುಟುವ ಬಿಸಿಲು. ಗಾಳಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಆದರೆ ಹಿಂಡಿ ಹೋಗಬೇಕಾಗಿದ್ದದ್ದು ಶ್ರಾವಣದಲ್ಲಿ. ಬುದ್ಧಿವಂತೆ ಬಸಮ್ಮಕ್ಕನಿಗೂ ಅದು ಹೊಳೆಯಲಿಲ್ಲ. ಅವಳಿಗೆ ಹೊಳೆಯದಿದ್ದದ್ದು ತಪ್ಪಲ್ಲ. ನನಗೆ ಹೇಳಿಯೇ ಇದ್ದರು.

ಆಷಾಢದ ಕೊನೆಯ ವಾರ ಬಸಮ್ಮಕ್ಕ ಹನ್ನೊಂದು ಮನೆಯ ಬುತ್ತಿಗೆ ಹಿಂಡಿ ಕುಟ್ಟಿ, ಹೊಳೆಯುವ ಪೊಟ್ಟಣಗಳಲ್ಲಿ ಕಟ್ಟಿಟ್ಟಳು. ಹನ್ನೊಂದನೆಯದು ಮಹಾನಂದಾಳದು. ಮದುವೆಯಾದ ಮೇಲೆ ಅವಳ ಮೊದಲ ಪಂಚಮಿ ಬುತ್ತಿ. ಪೊಟ್ಟಣಗಳನ್ನು ಸಾಲಾಗಿ ಕಪಾಟಿನಲ್ಲಿ ಜೋಡಿಸಿ, "ಮದುವಿ ಹೆಣ್ಣಿನಂಗ ಕಾಣ್ತಾವಲ್ಲೋ ತಮ್ಮಾ" ಅಂತ ನನಗೆ ತೋರಿಸಿದಳು. ಅಂದು ಆಕಾಶ ಕಪ್ಪಗಿತ್ತು. ಮರುದಿನದಿಂದ ಜಡಿಮಳೆ ಹಿಡಿಯಿತು.

ಈಗ ಅಮಾವಾಸ್ಯೆಯ ಬಸ್ಸಿಗೆ ಬರುತ್ತೇನೆ. ವಾರದಿಂದ ಮಳೆ ಬಿಟ್ಟಿರಲಿಲ್ಲ. ಬಸ್ಸಿನ ಕಿಟಕಿಗಳಿಗೆಲ್ಲ ತಾಡಪತ್ರಿ ಇಳಿಬಿಟ್ಟಿದ್ದರು. ಒಳಗೆ ಒದ್ದೆ ಕಂಬಳಿಯ, ಒದ್ದೆ ಮನುಷ್ಯರ ಹಬೆ. ನನ್ನ ಬಗಲಲ್ಲಿ ಕೂತ ಒಬ್ಬ ಅಜ್ಜಿ ಮೂಗೇರಿಸಿದಳು.

"ಯಾರಪ್ಪಾ ಇಂಗು ಒಯ್ಯಾಕತ್ತೀರಿ? ಬಸ್ಸಿಗೇ ಒಗ್ಗರಣಿ ಹಾಕಿದಂಗ ಆಗ್ಯದ."

ಎಲ್ಲರೂ ನಕ್ಕರು. ನಾನೂ ನಗುತ್ತಲೇ ಚೀಲಕ್ಕೆ ಕೈ ಹಾಕಿದೆ. ಮೊದಲ ಪೊಟ್ಟಣ ಬಸಮ್ಮಕ್ಕನಿಗೆ ಕೊಟ್ಟಿದ್ದೆನಲ್ಲ, ಇದು ನಾನು ಆಮೇಲೆ ಮಾಡಿಕೊಂಡದ್ದು. ಕೈಗೆ ಸಿಕ್ಕಾಗ ಅದು ಚರಚರ ಅನ್ನಲಿಲ್ಲ. ಒದ್ದೆ ಅರಿವೆಯ ಹಾಗೆ ಮೆತ್ತಗೆ ಬಾಗಿತು. ಎಲ್ಲೂ ಹರಿದಿರಲಿಲ್ಲ, ಗೋಂದು ಬಿಟ್ಟಿರಲಿಲ್ಲ. ಆದರೂ ಮೂಗಿಗೆ ಹಿಡಿದರೆ ಇಂಗು ಕಾಗದವನ್ನೇ ತೂರಿ ಬರುತ್ತಿತ್ತು. ನನ್ನ ನಗು ಅಲ್ಲೇ ನಿಂತಿತು. ಹೂತು ಹೋಗಿದ್ದ ಸಾವಕಾರರ ಮಾತು ಈಗ ಪೂರ್ತಿ, ಅಕ್ಷರ ಅಕ್ಷರ ಎದ್ದು ಬಂತು. ಇಂಗು ಹೊರಗೆ ಬರುತ್ತದೆ ಅಂದರೆ ಗಾಳಿ ಒಳಗೆ ಹೋಗುತ್ತದೆ. ಇದು ನಾನೇ ಬಸಮ್ಮಕ್ಕನಿಗೆ ಕಲಿಸಿದ ಲೆಕ್ಕ.

ಪೊಟ್ಟಣವನ್ನು ಅಂಗಿಯ ಕಿಸೆಗೆ ತುರುಕಿದೆ.

ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮಧ್ಯಾಹ್ನ. ಒಂದು ಕಡೆ ಆಳಂದದ ಬಸ್ಸು ನಿಂತಿತ್ತು, ಇನ್ನೊಂದು ಕಡೆ ಅಫಜಲಪುರದ್ದು. ಪಂಚಮಿಗೆ ಇನ್ನೂ ಐದು ದಿನ. ಹೆಣ್ಣುಮಕ್ಕಳು ಇನ್ನೂ ತವರಿನಲ್ಲೇ ಇದ್ದರು. ಬುತ್ತಿ ಹೊರಡುವುದಕ್ಕೆ ವಾರದ ಮೇಲೆ ಅವಕಾಶವಿತ್ತು. ಆಳಂದಕ್ಕೆ ಹೋಗಿ, "ಅಕ್ಕಾರ, ಕಾಗದ ಕೈ ಕೊಟ್ಟದ, ಹಿಂಡಿ ಡಬ್ಬಿಗೆ ಹಾಕ್ರಿ" ಅಂತ ಒಂದು ಮಾತು ಹೇಳಿದ್ದರೆ ಮುಗಿದಿತ್ತು. ಡಬ್ಬಿಗಳು ಇದ್ದೇ ಇದ್ದವು. ಆಕೆ ಬೈಯುತ್ತಿದ್ದಳು, ಊರು ನಗುತ್ತಿತ್ತು, ಅಷ್ಟೇ.

ಆಳಂದ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೂ ಉಂಟು. "ಹತ್ತತೀರೋ ಇಲ್ಲೋ?" ಅಂದ ಕಂಡಕ್ಟರ್. ನಾನು ಏನಂದೆ ಗೊತ್ತೇ? "ಇದು ಅಫಜಲಪುರಕ್ಕ ಹೋಗತದೇನ್ರಿ?" ಅಂದೆ. ಬೋರ್ಡು ಕಣ್ಣೆದುರಿಗೇ ಇತ್ತು. "ಆ ಕಡೀಗದ ನೋಡ್ರಿ" ಅಂದ. ಆ ಕಡೆಗೆ ಹೋದೆ. ಹಬ್ಬಕ್ಕೆ ಊರಿಗೆ ಬರ್ತೇನಿ ಅಂತ ಅಜ್ಜಿಗೆ ಹೇಳಿದ್ದೇನೆ, ಏನೂ ಆಗಲಿಕ್ಕಿಲ್ಲ, ಬಿಸಿಲು ಬಿದ್ದರೆ ಕಾಗದ ಮೊದಲಿನಂತೆ ಆಗುತ್ತದೆ, ಅಂತ ಗೊಬ್ಬೂರಿನ ದಾರಿಯುದ್ದಕ್ಕೂ ನನಗೆ ನಾನೇ ಮಾರುತ್ತಾ ಹೋದೆ. ಬಿಸಿಲು ಬೀಳಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಆಳಂದಕ್ಕೆ ಹೋಗಲೇಬೇಕಾಯಿತು. ಬಸಮ್ಮಕ್ಕನ ಓಣಿ ತಪ್ಪಿಸಿ ಅಂಗಡಿ ಸಾಲಿಗೆ ಹೋಗೋಣ ಅಂದುಕೊಂಡರೆ ಆಕೆಯ ಗಂಡನೇ ಎದುರು ಸಿಕ್ಕ. "ಚಲೋ ಸಿಕ್ಕಿ ಮಾರಾಯ, ಬಾ, ಮನ್ಯಾಗ ಪಂಚಾಯ್ತಿ ನಡದದ" ಅಂತ ಕೈ ಹಿಡಿದುಕೊಂಡೇ ಕರೆದೊಯ್ದ.

ಅಂಗಳದಲ್ಲಿ ಐದಾರು ಹೆಣ್ಣುಮಕ್ಕಳು ಕೂತಿದ್ದರು. ನಡುವೆ ಪೊಟ್ಟಣಗಳು ಬಿಚ್ಚಿ ಬಿದ್ದಿದ್ದವು. ಹಿಂಡಿ ಉಂಡೆ ಉಂಡೆ ಗಟ್ಟಿಯಾಗಿ, ಬಣ್ಣ ಕಂದಿ, ಕಮಟು ವಾಸನೆ ಹೊಡೆಯುತ್ತಿತ್ತು. ಎಲ್ಲಾ ಮನೆಯಿಂದಲೂ ದೂರು ಬಂದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಜೇವರ್ಗಿಯದು. ಮಹಾನಂದಾಳ ಅತ್ತೆ ಕಾಶಮ್ಮ ಶ್ರಾವಣ ಸೋಮವಾರದ ಊಟದ ಪಂಕ್ತಿಗೆ ಆ ಹಿಂಡಿ ಬಡಿಸಿ, ಬಂದವರು ಮುಖ ಕಿವಿಚಿದ ಮೇಲೆ, ಪೊಟ್ಟಣಕ್ಕೆ ಅದೇ ಹಿಂಡಿ ತುಂಬಿ ಹಾಗೇ ವಾಪಸು ಕಳಿಸಿದ್ದಳು. ಬುತ್ತಿ ತಿರುಗಿ ಬರುವುದು ಅಂದರೆ ನಮ್ಮಲ್ಲಿ ಮುಖಕ್ಕೆ ಉಗುಳಿದ ಹಾಗೆ.

"ಹಳೇ ಶೇಂಗಾ ಹಾಕಿರಬೇಕು ಬಸಮ್ಮಕ್ಕ, ಖರೇ ಹೇಳು" ಅನ್ನುತ್ತಿದ್ದಳು ಮೂಲೆಮನೆಯ ನೀಲಮ್ಮ. ಅವಳ ನಾಲಿಗೆಗೆ ಇಡೀ ಓಣಿ ಹೆದರುತ್ತಿತ್ತು. "ಮನುಷ್ಯಾಗ ಹೆಸರು ಬಂದಮ್ಯಾಗ ಕೈ ಸಡಲ ಆಗತದ."

ಬಸಮ್ಮಕ್ಕ ನನ್ನನ್ನು ನೋಡಿದ್ದೇ ಎದ್ದು ನಿಂತಳು. ಮುಖದಲ್ಲಿ ಒಂದು ಭರವಸೆ ಬಂತು. ಅದನ್ನು ನಾನು ಮರೆಯಲಾರೆ. "ಬಾ ತಮ್ಮಾ, ಬಾ. ನೀನೇ ಹೇಳು. ನಾ ಹೊಲದಿಂದ ಬಂದ ಹೊಸ ಶೇಂಗಾನೇ ಹುರದೀನಿ, ಇವರ್ಯಾರೂ ನಂಬವಲ್ಲರು. ನಿನ್ನ ಕಾಗದದಾಗ ಏನರ ಐಬು ಅದನೋ? ಇದ್ರ ಹೇಳು, ನನ್ನ ಹೆಸರು ಉಳೀತದ."

ಅಷ್ಟರಲ್ಲಿ ನೀಲಮ್ಮ ಮೂಗು ಮುರಿದಳು. "ಎಲ್ಲಿಂದೋ ಇಂಗು ನಾರತದಲ್ಲ? ನಿನ್ನ ಅಂಗಿ ಕಿಸೇನೇ ಏನೋ ತಮ್ಮಾ?"

ಹೌದು, ಬಸ್ಸಿನಲ್ಲಿ ತುರುಕಿದ್ದ ಆ ಪೊಟ್ಟಣವನ್ನು ಎಸೆಯಲೂ ಆಗದೆ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಅಂದೂ ಮೋಡ ಮುಸುಕಿ ಹನಿಯುತ್ತಿತ್ತು. ತೆಗೆದು ತೋರಿಸಿದ್ದರೆ ಸಾಕಿತ್ತು, ಬಾಯಿ ಬಿಡುವ ಅಗತ್ಯವೂ ಇರಲಿಲ್ಲ. ನಾನು ಕಿಸೆಯ ಮೇಲೆ ಕೈ ಇಟ್ಟುಕೊಂಡು ಅಂದೆ: "ಕಿರಾಣಿ ಅಂಗಡಿಗೆ ಹೋಗಿ ಬಂದೇನ್ರಿ, ಅದರ ವಾಸನಿ." ಆಮೇಲೆ ಬಸಮ್ಮಕ್ಕನ ಕಡೆ ತಿರುಗಿ, ಅವಳ ಮುಖ ನೋಡದೆ, ಕಾಲ ಬುಡದ ಪೊಟ್ಟಣ ನೋಡುತ್ತಾ ಹೇಳಿದೆ: "ಕಾಗದದ್ದು ಏನೂ ತಪ್ಪಿಲ್ರಿ ಅಕ್ಕಾರ. ಮೂರು ತಾಲೂಕಿನ್ಯಾಗ ಇದನ್ನೇ ಕೊಟ್ಟೀವಿ, ಎಲ್ಲಿಯೂ ದೂರಿಲ್ಲ. ಶೇಂಗಾ ಒಮ್ಮೊಮ್ಮಿ ಹೊಸಾವು ಕಂಡ್ರೂ ಒಳಗ ಪಸಿ ಇರ್ತದ್ರಿ. ಅಥವಾ ಹುರಿಯೂದರಾಗ ಏನರ ಹೆಚ್ಚುಕಮ್ಮಿ..."

ಆಕೆ ಜಗಳಾಡಿದ್ದರೆ ನನಗೆ ಇಷ್ಟು ಸುಡುತ್ತಿರಲಿಲ್ಲ. ಆಕೆ ನಂಬಿದಳು. ತನ್ನ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರ ನನ್ನ ಕೈದೇ ತಪ್ಪು" ಅಂದಳು. ನೀಲಮ್ಮನಿಗೂ ಬೇಜಾರಾದಂತೆ ಕಾಣಿಸಿತು.

ಬಸಮ್ಮಕ್ಕ ಹಿಂಡಿ ಕುಟ್ಟುವುದನ್ನು ಬಿಟ್ಟಳು. ದಸರೆಗೆ ಆ ದಾರಿಯಲ್ಲಿ ಹೋದಾಗ ಒಳಕಲ್ಲಿನ ಮೇಲೆ ಬುಟ್ಟಿ ಕವುಚಿತ್ತು, ಅದರ ಮೇಲೆ ಬೆಕ್ಕು ಮಲಗಿತ್ತು. ಒನಕೆಯ ಸಪ್ಪಳವಿಲ್ಲದ ಆ ಮನೆಯ ಮುಂದೆ ನಾನು ತಲೆ ತಗ್ಗಿಸಿಕೊಂಡು ಬೇಗ ಬೇಗ ದಾಟಿದೆ.

ಸಾವಕಾರರ ಹತ್ತಿರ ಒಮ್ಮೆ ಮೆಲ್ಲಗೆ, ಬೇರೆ ಯಾರದೋ ಮಾತೆಂಬಂತೆ ಕೇಳಿದೆ. ಅವರು ಸಮಾಧಾನವಾಗಿ ತಿಳಿಸಿದರು: "ಇದು ಕಟ್ಟಿಗಿ ತಿರುಳು ಕರಗಿಸಿ ಮಾಡಿದ ಕಾಗದಲೇ. ಹತ್ತಿ ಅರಬಿ ಹೆಂಗ ನೀರು ಕುಡೀತದ, ಇದೂ ಹಂಗೇ ಗಾಳಿನ್ಯಾಗಿನ ಪಸಿ ಕುಡೀತದ. ಒಣಗಿದಾಗ ಒಳಗಿನ ಎಳಿ ಬಿಗಿಯಾಗಿ ಒಂದಕ್ಕೊಂದು ಅಪ್ಪಿಕೊಂಡಿರ್ತಾವ, ಗಾಳಿಗೆ ಸಂದು ಇರಂಗಿಲ್ಲ. ಪಸಿ ಹೊಕ್ಕಿತಂದ್ರ ಎಳಿ ಸಡಲ ಆಗತಾವ, ಗಾಳಿ, ವಾಸನಿ ಎಲ್ಲಾ ಹಾಯತಾವ. ಕಣ್ಣಿಗೆ ಏನೂ ಕಾಣಂಗಿಲ್ಲ. ಈ ಪ್ಲಾಸ್ಟಿಕ್ ಚೀಲದ್ದು ನೋಡು, ಅದು ಉಲ್ಟಾ. ನೀರು ತಡೀತದ, ವಾಸನಿ ತಡಿಯಂಗಿಲ್ಲ. ದೊಡ್ಡ ದೊಡ್ಡ ಕಂಪನಿಯವರು ಎರಡೂ ಕೂಡಿಸಿ ಅಂಟಿಸ್ತಾರ." ಕೊನೆಗೆ ಕನ್ನಡಕದ ಮೇಲಿಂದ ನೋಡಿ, "ನಿನಗ ಮೊದಲ ದಿನಾನೇ ಹೇಳಿದ್ನಲ್ಲಲೇ?" ಅಂದರು. "ಹೌದ್ರಿ" ಅಂದೆ.

ಮಾಘ ಮಾಸದಲ್ಲಿ ಬಸಮ್ಮಕ್ಕನಿಂದ ಹೇಳಿಕೆ ಬಂತು, ಒಂದು ಸಲ ಬಂದು ಹೋಗಬೇಕಂತೆ. ಹೋದೆ. ಮಹಾನಂದಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ತುಂಬು ಬಸುರಿ. ಬಸಮ್ಮಕ್ಕ ನನ್ನನ್ನು ಬಚ್ಚಲಮನೆ ಬಾಗಿಲಿಗೇ ಕರೆದೊಯ್ದಳು. ಮೊಳೆಯಲ್ಲಿ ನಾನು ವೈಶಾಖದಲ್ಲಿ ಬಿಟ್ಟು ಹೋಗಿದ್ದ ಇಂಗಿನ ಪೊಟ್ಟಣ ಹಾಗೇ ಇತ್ತು. ಅದನ್ನು ತೆಗೆದಳು. ಚಳಿಗಾಲದ ಒಣ ಹವೆ; ಕಾಗದ ಚರಚರ ಅಂದಿತು. ನನ್ನ ಮೂಗಿಗೆ ಹಿಡಿದು, ನನ್ನದೇ ದನಿಯಲ್ಲಿ, ನನ್ನದೇ ರಾಗದಲ್ಲಿ ಕೇಳಿದಳು: "ಒಳಗ ಇಂಗು ಅದ. ವಾಸನಿ ಬರ್ತದೇನ್ರಿ?"

ಮಹಾನಂದಾ ಫಕ್ಕನೆ ನಕ್ಕಳು. ನಾನು "ಇಲ್ರಿ" ಅಂದೆ.

ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ಬಸಮ್ಮಕ್ಕ ಪೊಟ್ಟಣವನ್ನು ಆ ಹಬೆಗೆ ಹಿಡಿದಳು. ಹಿಡಿದೇ ನಿಂತಳು. ಕಾಗದ ನಮ್ಮ ಕಣ್ಣೆದುರಿಗೇ ಮೆತ್ತಗಾಗಿ ಬಾಗಿತು. ಹನಿ ಒರೆಸಿ ಮತ್ತೆ ನನ್ನ ಮೂಗಿಗೆ ತಂದಳು. ಈ ಸಲ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ.

"ಮಳಿ ನಿಂತಮ್ಯಾಲೂ ದಿನಾ ನೀರು ಕಾಸೂ ಮುಂದ ಇಂಗಿನ ವಾಸನಿ ಬರ್ತಿತ್ತು" ಅಂದಳು. "ಮಧ್ಯಾಹ್ನ ಬಂದು ಮೂಸಿದ್ರ ಇಲ್ಲ. ಮರುದಿನ ಮತ್ತ ಬರ್ತದ. ನನಗ ಹುಚ್ಚು ಹಿಡದದೇನೋ ಅನ್ಕೊಂಡೆ. ಆಮ್ಯಾಲ ತಿಳೀತು. ಈ ಕಾಗದ ನೀರು ಕುಡೀತದ. ಕುಡದಾಗ ಬಾಯಿ ಬಿಡತದ, ಒಣಗಿದಾಗ ಮುಚ್ಕೋತದ."

ಸಾವಕಾರರು ಮುಂಬಯಿಯವರಿಂದ ಕಲಿತದ್ದನ್ನು ಈಕೆ ಬಚ್ಚಲ ಒಲೆಯ ಮುಂದೆ ತನ್ನ ಮೂಗಿನಿಂದಲೇ ಕಂಡುಹಿಡಿದಿದ್ದಳು.

"ನಿನಗ ಇದು ಗೊತ್ತಿತ್ತೇನು ತಮ್ಮಾ?"

ಮೆತ್ತಗೆ ಕೇಳಿದಳು. ಬೈಗುಳ ಇಲ್ಲ, ದನಿ ಏರಿಸಲಿಲ್ಲ. ನಾನು ಹೇಳಿದ ಉತ್ತರ ಇದು: "ಇಲ್ರಿ ಅಕ್ಕಾರ. ದೇವರಾಣಿ ಗೊತ್ತಿರಲಿಲ್ಲ."

ಆಕೆಯ ಕಣ್ಣು ನನ್ನ ಮುಖದಿಂದ ಇಳಿದು ಅಂಗಿಯ ಕಿಸೆಯ ಮೇಲೆ ಒಂದು ಗಳಿಗೆ ನಿಂತಿತು. ಅಂದು ಆ ಕಿಸೆ ಖಾಲಿ ಇತ್ತು. ಆಮೇಲೆ, "ಹಂಗಾರ ನಡಿ, ಜೇವರ್ಗಿಗೆ ಹೋಗಿ ಬರೋಣು. ಬೀಗತಿ ಮುಂದ ಇದನ್ನೇ ಮಾಡಿ ತೋರಿಸು" ಅಂದಳು.

ಮರುದಿನ ಇಬ್ಬರೂ ಹೋದೆವು. ಆಕೆಯ ಮಡಿಲಲ್ಲಿ ಹೊಸ ಹಿಂಡಿ ತುಂಬಿದ ತಗಡಿನ ಡಬ್ಬಿ, ನನ್ನ ಚೀಲದಲ್ಲಿ ಇಂಗಿನ ಪೊಟ್ಟಣ. ಬಾಗಿಲಲ್ಲೇ ಕಾಶಮ್ಮ, "ಏನ್ ಬೀಗತಿ, ಈ ಸಲ ಬುತ್ತಿ ಜೋಡಿ ಪಂಚರನ್ನೂ ಕಟ್ಕೊಂಡು ಬಂದೀರಿ?" ಅಂದಳು. ಆಕೆಯ ಅಡಿಗೆಮನೆಯಲ್ಲೇ, ಕುದಿಯುವ ಚಹಾದ ಪಾತ್ರೆಯ ಮೇಲೆ ಪೊಟ್ಟಣ ಹಿಡಿದು ತೋರಿಸಿದೆ. ಕಾಶಮ್ಮ ಮೂಸಿದಳು. ಒಣಗಿಸಿ ಮತ್ತೆ ಮೂಸಿದಳು. ಆಕೆ ಕೆಟ್ಟವಳೇನಲ್ಲ, ಅವಳ ಮುಖ ಸಣ್ಣದಾಯಿತು. ಬಸಮ್ಮಕ್ಕನ ಕೈ ಹಿಡಿದು, "ನನ್ನ ಬಾಯಿ ಜೋರಾಯ್ತು, ತಪ್ಪಾತು ಬೀಗತಿ" ಅಂದಳು. ನನ್ನ ಕಡೆ ತಿರುಗಿ, "ಅಲ್ಲೋ ತಮ್ಮಾ, ಮಾರೂಕಿಂತ ಮೊದಲ ಒಂದು ಮಳಿಗಾಲ ನೋಡಬಾರದೇನು? ನಿನ್ನಿಂದ ನಮ್ಮ ಸೊಸಿ ಎಷ್ಟು ಅತ್ತಾಳ, ಗೊತ್ತದೇನು?" ಅಂತ ಶುರು ಮಾಡಿದಳು.

"ಬೈಬ್ಯಾಡ್ರಿ" ಅಂದಳು ಬಸಮ್ಮಕ್ಕ. "ಅವಗೂ ಗೊತ್ತಿರಲಿಲ್ಲ. ಗೊತ್ತಿದ್ರ ಹೇಳತಿದ್ದ."

ಆ ಮಾತು ಕೇಳಿ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಗಲಾದರೂ ಹೇಳಬಹುದಿತ್ತು. ಚಹಾ ಕುಡಿದೆ.

ಕಾಶಮ್ಮ ಹಿಂಡಿಯನ್ನು ತನ್ನ ಪಾತ್ರೆಗೆ ಸುರಿದುಕೊಂಡು, ಡಬ್ಬಿ ತೊಳೆದು ಒರೆಸಿ, ಬಾಯಿತನಕ ಸಕ್ಕರೆ ತುಂಬಿ ಕೊಟ್ಟಳು. ತಿರುಗಿ ಬರುವಾಗ ಬಸ್ಸಿನಲ್ಲಿ ಬಸಮ್ಮಕ್ಕ ಆ ಡಬ್ಬಿಯನ್ನು ತೊಡೆಯ ಮೇಲಿಂದ ಕೆಳಗೆ ಇಡಲಿಲ್ಲ.

ಮುಂದೆ ಬಂದ ಬೇಸಿಗೆಯಿಂದ ಒಳಕಲ್ಲಿನ ಸಪ್ಪಳ ಮತ್ತೆ ಕೇಳಿಸಿತು. ಆದರೆ ಹಳೆಯ ಮನೆಯವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಅವರು ಅಷ್ಟರೊಳಗೆ ಬೇರೆ ಕಡೆ ಹಿಡಿದುಕೊಂಡಿದ್ದರು. ಎಲ್ಲರ ಮನೆಗೂ ಹೋಗಿ ಹಬೆ ಹಿಡಿದು ತೋರಿಸುವುದಕ್ಕೆ ಆಗುತ್ತದೆಯೇ? ಮಹಾನಂದಾಳ ಮಗುವಿನ ತೊಟ್ಟಿಲಿಗೆ ನನ್ನನ್ನೂ ಕರೆದಿದ್ದರು. ಹೊರಡುವಾಗ ಬಸಮ್ಮಕ್ಕ ಒಂದು ಡಬ್ಬಿ ಹಿಂಡಿ ತಂದು ನನ್ನ ಚೀಲಕ್ಕೆ ತಾನೇ ಹಾಕಿದಳು. "ಅಜ್ಜಿಗೆ ಕೊಡು. ಡಬ್ಬಿ ಮಾತ್ರ ತಂದು ಕೊಡಬೇಕು ನೋಡು" ಅಂದು ಸೇರಿಸಿದಳು: "ಖಾಲಿ ತರಬ್ಯಾಡ."

ಎಲ್ಲರಿಗೂ ಹೇಳುವ ಮಾತೇ ಅದು. ಆದರೆ ನನಗೆ ಹೇಳುವಾಗ ಆಕೆ ನಗಲಿಲ್ಲ.

ಆ ಕೆಲಸ ನಾನು ಬಿಡಲಿಲ್ಲ. ಆಮೇಲೆ ಎಷ್ಟೋ ನಮೂನೆಯ ಕಾಗದ, ಹಾಳೆ, ಚೀಲ ಮಾರಿದೆ. ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದೇವೆ ಅಂದರೆ, "ಯಾವ ತಿಂಗಳದಾಗ ಮಾಡೀರಿ?" ಅಂತ ಮೊದಲು ಕೇಳುತ್ತಿದ್ದೆ. ಶ್ರಾವಣದಲ್ಲಿ ನಾನೇ ಒಂದು ಸಲ ಮೂಸದೆ ಯಾರ ತಿನಿಸಿಗೂ ಹೊದಿಕೆ ಕೊಡಲಿಲ್ಲ. ಅದನ್ನು ಕಲಿತೆ, ಸರಿ. ಕಲಿತದ್ದು ಬಸಮ್ಮಕ್ಕನ ಹೆಸರು ಕೆಡಿಸಿ.

ಡಬ್ಬಿ ಮಾತ್ರ ಕೊಡಲಿಲ್ಲ. ಒಮ್ಮೆ ನಮ್ಮ ಹೊಲದ ತೊಗರಿಬೇಳೆ ತುಂಬಿಕೊಂಡು ಆಳಂದದ ತನಕ ಹೋದೆ. ಓಣಿಯ ತಿರುವಿನಲ್ಲಿ ಒನಕೆಯ ಸಪ್ಪಳ ಕೇಳಿಸಿತು. ಅಲ್ಲಿಗೇ ನಿಂತೆ. ಬೇಳೆ ಕೊಟ್ಟು ಬಂದರೆ ಮುಗಿಯುತ್ತದೆಯೇ ಅನ್ನಿಸಿತು, ತಿರುಗಿ ಬಂದೆ. ಇನ್ನೊಂದು ವರ್ಷ, ಮತ್ತೊಂದು ವರ್ಷ ಅನ್ನುವಷ್ಟರಲ್ಲಿ ಬಸಮ್ಮಕ್ಕ ತೀರಿಕೊಂಡಳು. ಮಣ್ಣಿಗೂ ನಾನು ಹೋಗಲಿಲ್ಲ. ಅವಳು ನನ್ನನ್ನು ಕೊನೆಯವರೆಗೆ ನಂಬಿದ್ದಳೋ, ಅಥವಾ ಕಿಸೆಯ ಇಂಗು ನೆನಪಿಟ್ಟುಕೊಂಡೂ ನನ್ನ ಮುಖ ಉಳಿಸಿದಳೋ, ಇವತ್ತಿಗೂ ನನಗೆ ತಿಳಿಯದು. ಯಾವುದಾದರೂ ನನಗೆ ಒಂದೇ.

ಆ ಡಬ್ಬಿ ನಮ್ಮ ಮನೆಯ ಅಟ್ಟದ ಮೇಲಿದೆ. ಹೆಂಡತಿ ಎರಡು ಸಲ ಬೇರೆ ಏನೋ ಹಾಕಿಡಲು ತೆಗೆದಳು, ಬೇಡವೆಂದೆ. ಯಾಕೆ ಅಂತ ಕೇಳಿದಳು, ಅರ್ಧ ಹೇಳಿದೆ. ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇನೆ. ಮಹಾನಂದಾ ಎಲ್ಲಿದ್ದಾಳೋ, ಈಗ ಅವಳೂ ಅಜ್ಜಿಯಾಗಿರಬೇಕು. ಇದು ಅವಳ ಕಣ್ಣಿಗೆ ಬಿದ್ದರೆ ಅವಳ ತಾಯಿಯ ಡಬ್ಬಿಯಲ್ಲಿ ಹಾಕಿ ಕೊಟ್ಟದ್ದೆಂದು ತಿಳಿಯಲಿ: ತಂಗೀ, ಅಂದು ಬಚ್ಚಲಮನೆ ಬಾಗಿಲಲ್ಲಿ ನಿಮ್ಮವ್ವ ಕೇಳಿದ ಮಾತಿಗೆ ನಾನು ಸುಳ್ಳು ಹೇಳಿದೆ. ನನಗೆ ಗೊತ್ತಿತ್ತು. ಬುತ್ತಿ ಹೊರಡುವ ಮೊದಲೇ ಗೊತ್ತಿತ್ತು.